ಹಸಿ ಕೈ, ಒಣ ಕೈ

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಹೆಂಗಸಿಗೆ ಹೇಸಿಗೆ ಅನ್ನುವುದು ಉಳಿದಿರುತ್ತದೆಯೇ? ದೊಡ್ಡಕ್ಕನನ್ನು ಎಷ್ಟೋ ಜನ ಇದನ್ನು ಕೇಳಿದ್ದರು. ನೆಂಟರು ಮೂಗು ಮುಚ್ಚಿಕೊಂಡೇ ಕೇಳಿದ್ದರು. ಅವಳು ಕೊಡುತ್ತಿದ್ದ ಉತ್ತರ ಒಂದೇ. "ಬಟ್ಟೆ ಏನ್ ಮಾಡತ್ತಮ್ಮ, ಪಾಪ. ಕುದಿಯೋ ನೀರಿಗೆ ಹಾಕಿದ್ರೆ ಸರಿಹೋಗತ್ತೆ. ನಂಗೆ ಹೇಸಿಗೆ ಬರೋದು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಎದುರಿಗೆ ಕೂತ್ಕೋತಾರಲ್ಲ, ಅವರನ್ನ ನೋಡಿದ್ರೆ."

ಅವಳ ಕೆಲಸ ವಿಂಗಡಣೆ ಕೋಣೆಯಲ್ಲಿ. ಬೆಳಿಗ್ಗೆ ಆರಕ್ಕೆ ಲಾರಿಗಳು ಹಿಂಬಾಗಿಲಿಗೆ ಬಂದು ಹಳದಿ ಚೀಲಗಳನ್ನು ಸುರಿದು ಹೋಗುತ್ತವೆ. ಇಪ್ಪತ್ತೆರಡು ಸ್ಟೀಲಿನ ಮೇಜು, ಮೇಜಿಗೊಂದು ದೀಪ, ಗೋಡೆಯಲ್ಲಿ ಒಂದು ದೊಡ್ಡ ಫ್ಯಾನು. ಅದು ಒಳಗಿನ ನಾತವನ್ನು ಹೊರಗೆ ಹಾಕುತ್ತದೋ ಹೊರಗಿನದನ್ನು ಒಳಗೆ ತರುತ್ತದೋ ಆ ದೇವರಿಗೇ ಗೊತ್ತು. ಚೀಲದೊಳಗೆ ಚಾದರ, ನಿಲುವಂಗಿ, ಟವೆಲ್ಲು. ಅವುಗಳ ಮಡಿಕೆಯಲ್ಲಿ ನರ್ಸುಗಳು ಗಡಿಬಿಡಿಯಲ್ಲಿ ಮರೆತದ್ದು: ಕತ್ತರಿ, ಥರ್ಮಾಮೀಟರು, ಯಾರದೋ ಕಟ್ಟಿಸಿದ ಹಲ್ಲು. ಮತ್ತೆ ಸೂಜಿ. ಎಲ್ಲಕ್ಕಿಂತ ಹೆಚ್ಚಾಗಿ ಸೂಜಿ.

ಅದಕ್ಕೇ ಅಲ್ಲಿ ಒಂದು ಮೇಜಿಗೆ ಇಬ್ಬರು. ಒಬ್ಬಳು ಹಸಿ ಕೈ. ಮೊಣಕೈವರೆಗೂ ರಬ್ಬರ್ ಗ್ಲೌಸು ಏರಿಸಿ, ಚೀಲದ ಬಾಯಿ ಬಿಚ್ಚಿ, ಬಟ್ಟೆಯನ್ನು ಒಂದೊಂದಾಗಿ ಎಳೆಯುವವಳು. ಇನ್ನೊಬ್ಬಳು ಒಣ ಕೈ. ದೀಪದ ಬೆಳಕನ್ನು ಬಟ್ಟೆಯ ಮೇಲೆ ಹಿಡಿದು, ಕಣ್ಣು ಕೀಲಿಸಿ ನೋಡುತ್ತಾ, ಏನಾದರೂ ಮಿಂಚಿತೋ "ನಿಲ್ಲು" ಎಂದು ಕೂಗುವವಳು. ಹಸಿ ಕೈ ಅಲ್ಲೇ ಕಲ್ಲಾಗಬೇಕು. ಇಷ್ಟೇ ಅಲ್ಲ, ಕೋಣೆಯ ಶುದ್ಧವಾದದ್ದನ್ನೆಲ್ಲ ಮುಟ್ಟುವುದು ಒಣ ಕೈಯೇ. ಬಾಗಿಲು, ಸ್ವಿಚ್ಚು, ಹಾಜರಿ ಪುಸ್ತಕದ ಪೆನ್ನು. ಇಬ್ಬರ ಹೆಸರಿನ ಮುಂದೆಯೂ ಅವಳೇ ಸಹಿ ಹಾಕುತ್ತಾಳೆ. ಜೋಡಿಯ ಹಣೆಯ ಬೆವರು ಒರೆಸುತ್ತಾಳೆ, ಚಹಾದ ಲೋಟ ಬಾಯಿಗೆ ಹಿಡಿಯುತ್ತಾಳೆ, ಬಿಸ್ಕತ್ತು ತಿನ್ನಿಸುತ್ತಾಳೆ. ಮೂಗು ಕಡಿದರೆ ಕೆರೆಯುವುದೂ ಅವಳೇ. "ಎಡಕ್ಕೆ ಕಣೇ, ಇನ್ನೂ ಎಡಕ್ಕೆ, ಅದು ನನ್ನ ಕಣ್ಣು ಮಾರಾಯ್ತಿ!" ಎಂದು ಯಾವುದಾದರೊಂದು ಮೇಜಿನಿಂದ ಕೂಗು ಕೇಳುತ್ತಲೇ ಇರುತ್ತಿತ್ತು.

ಬೇರೆ ಜೋಡಿಗಳು ವಾರಕ್ಕೊಮ್ಮೆ ಕೈ ಬದಲಾಯಿಸುತ್ತಿದ್ದವು. ದೊಡ್ಡಕ್ಕ ಮಾತ್ರ ಯಾವತ್ತೂ ಹಸಿ ಕೈ, ಏಕೆಂದರೆ ಅವಳ ಕಣ್ಣು ಮಂಜು. ಅವಳ ಪಾಲಿನ ಕಣ್ಣು ಅವಳ ಜೋಡಿಯದು. ಆ ಜೋಡಿಗೆ ಇಟ್ಟ ಹೆಸರು ಪಿಟೀಲು; ಚೀಲ ಶುರುವಾದಾಗ ಶುರುವಾದ ಮಾತು ಚೀಲ ಮುಗಿದರೂ ಮುಗಿಯುತ್ತಿರಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಇದ್ದೂ ಇಲ್ಲದ ಗಂಡ. ಹನ್ನೊಂದು ವರ್ಷ ಕುಯ್ದರೂ ಆ ಕಥೆ ಮುಗಿದಿರಲಿಲ್ಲ. ಆದರೆ ಮಾತಿನ ನಡುವೆ "ನಿಲ್ಲು" ಎನ್ನುವುದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

ಈ ಜೋಡಿ ಪದ್ಧತಿ ಯಾರೋ ಪುಣ್ಯಾತ್ಮ ದಯಪಾಲಿಸಿದ್ದಲ್ಲ. ಹದಿನೆಂಟು ವರ್ಷದ ಹಿಂದೆ ಮೇಜಿಗೊಬ್ಬರೇ ಇದ್ದರು. ದೊಡ್ಡಕ್ಕನಿಗೆ ಕೆಲಸ ಕಲಿಸಿದ ಒಬ್ಬ ಹೆಂಗಸಿದ್ದಳು, ಎಲ್ಲರಿಗೂ ಚಿಕ್ಕಮ್ಮ. ಒಂದು ದಿನ ಹೆಬ್ಬೆರಳಿಗೆ ಸೂಜಿ ಹೊಕ್ಕಿತು. ಬಟ್ಟೆಯ ಚೂರು ಸುತ್ತಿಕೊಂಡು ಪಾಳಿ ಮುಗಿಸಿಯೇ ಮನೆಗೆ ಹೋದಳು. ನಾಲ್ಕು ತಿಂಗಳಲ್ಲಿ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ, ಸತ್ತಳು. ಆಗಿನ ಮಾಲೀಕರು ಹೆಣದ ಮೇಲೆ ಹೊದಿಸಲು ಒಂದು ಚಾದರ ಕಳಿಸಿದರು, ಮೂಲೆಯಲ್ಲಿ ಕಾರ್ಖಾನೆಯ ಮುದ್ರೆ ಇದ್ದದ್ದು. ಥೂ! ಆ ಚಾದರವನ್ನು ದೊಡ್ಡಕ್ಕ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಮಾಲೀಕರ ಮೇಜಿನ ಮೇಲೆ ಇಟ್ಟು ಬಂದಳು. ಮಾರನೆಯ ದಿನದಿಂದ ಯಾರೂ ಚೀಲ ಮುಟ್ಟಲಿಲ್ಲ. ಒಂಬತ್ತು ದಿನ. ಹತ್ತನೆಯ ದಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಹಾಸಲು ಚಾದರ ಇಲ್ಲದಾಗ ಮಾಲೀಕರು ಅವಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು. ಸಂಜೆಯ ಹೊತ್ತಿಗೆ ಎರಡೇ ಸಾಲಿನ ಒಪ್ಪಂದವಾಯಿತು: ಒಂದು ಮೇಜಿಗೆ ಇಬ್ಬರು, ಒಬ್ಬರೇ ಚೀಲ ಬಿಚ್ಚುವಂತಿಲ್ಲ. ಅಂದಿನಿಂದ ಅವಳು ಸಂಘದ ಕಾರ್ಯದರ್ಶಿ. ಅಂದಿನಿಂದ ಆ ಕೋಣೆಯಲ್ಲಿ ಸೂಜಿಯಿಂದ ಯಾರೂ ಸತ್ತಿಲ್ಲ.

ಈಗ ಹೊಸ ಕಾನೂನು ಬಂತು. ಬರುತ್ತದೆ ಬರುತ್ತದೆ ಎಂದು ಮೂರು ವರ್ಷ ಪತ್ರಿಕೆಯವರು ತಲೆ ತಿಂದಿದ್ದರು, ಬಂದೇಬಿಟ್ಟಿತು. ದೇಶದಲ್ಲಿದ್ದ ಕಾರ್ಮಿಕರ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ, ಅರೆದು, ಸೋಸಿ, ಒಂದು ತೆಳ್ಳನೆಯ ಪುಸ್ತಕ ಮಾಡಿದ್ದರು. ಸುಧಾರಣೆ ಅಂತ ಹೆಸರು. ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ವಿವರಿಸಿದರು. ಹಳೆಯ ಮಾಲೀಕರ ಮಗ ಕಾರ್ಖಾನೆ ಮಾರಿದ ಮೇಲೆ ಬಂದ ಮನುಷ್ಯ. ಮಾತಾಡಿದರೆ ಬೆಣ್ಣೆ ಸವರಿದ ಹಾಗೆ.

"ಇನ್ಮೇಲೆ ಎಲ್ಲಾ ಸರಳ. ಹಾಜರಿ ಪಟ್ಟಿಯಲ್ಲಿರೋ ಅರ್ಧಕ್ಕಿಂತ ಹೆಚ್ಚು ಜನ ಯಾವ ಸಂಘದಲ್ಲಿದಾರೋ, ಆ ಸಂಘ ಮಾತ್ರ ನಮ್ಮ ಜೊತೆ ಮಾತಾಡತ್ತೆ. ಸರ್ಕಾರದ ಅಧಿಕಾರಿ ಬಂದು ಸಹಿ ನೋಡಿ ಎಣಿಸ್ತಾರೆ. ಯಾರಿಗೂ ಅರ್ಧ ದಾಟಲಿಲ್ಲ ಅಂದ್ರೆ ಒಂದು ಸಮಿತಿ, ಅದಕ್ಕೆ ಜನಾನ ನಾವೇ ಹೆಸರಿಸ್ತೀವಿ. ಹಳೇ ಒಪ್ಪಂದಗಳು ಆರು ತಿಂಗಳು ಇರತ್ವೆ. ಅಷ್ಟರಲ್ಲಿ ಮತ್ತೆ ಮಾತಾಡಿ ಬರ್ಕೊಳ್ಳದಿದ್ರೆ ತಾನಾಗೇ ಬಿದ್ದೋಗತ್ತೆ."

"ಯಾವ ಹಳೇ ಒಪ್ಪಂದ ಸ್ವಾಮಿ?" ದೊಡ್ಡಕ್ಕ ಕೇಳಿದಳು.

"ಎಲ್ಲಾನೂ ಅಮ್ಮಾ. ಇಬ್ಬರು ಮಾಡೋ ಕೆಲಸ ಒಬ್ಬರು ಮಾಡಬಹುದಾದ್ರೆ, ಅದನ್ನೂ ಯೋಚನೆ ಮಾಡ್ಬೇಕಲ್ವಾ?"

ಅಲ್ಲಿಗೆ ಗೊತ್ತಾಯಿತು ಇದರ ಬೇರು ಎಲ್ಲಿದೆ ಎಂದು. ಅವಳ ಮೈ ಉರಿದುಹೋಯಿತು. ಒಳಗೆ ಹೋಗಿ ಗ್ಲೌಸು ಏರಿಸಿದಳು.

ವಾರದೊಳಗೆ ಕಾರ್ಖಾನೆಯಲ್ಲಿ ಇನ್ನೊಂದು ಸಂಘ ಹುಟ್ಟಿಕೊಂಡಿತು. ಹಿತೈಷಿ ಸಂಘವಂತೆ. ಅದರ ಅಧ್ಯಕ್ಷ ಯಾರು ಅಂದುಕೊಂಡಿರಿ? ದೊಡ್ಡಕ್ಕನ ಸ್ವಂತ ತಮ್ಮನ ಮಗ. ಅಪ್ಪ ಹೋದಾಗ ಇವನಿಗೆ ಹದಿನೆಂಟು. ಕೈ ಹಿಡಿದುಕೊಂಡು ಬಂದು ಅದೇ ವಿಂಗಡಣೆ ಕೋಣೆಗೆ ಸೇರಿಸಿದವಳು ಅವಳೇ. ಎರಡು ವರ್ಷ ಒಣ ಕೈ ಆಗಿದ್ದವನು, ಆಮೇಲೆ ಬಟ್ಟೆ ಒಣಗಿಸುವ ವಿಭಾಗಕ್ಕೆ ಹೋದ. ಈಗ ಮೂವತ್ತೈದು ವರ್ಷದ ಗಂಡಸು, ಜೇಬಿನಲ್ಲಿ ಎರಡು ಪೆನ್ನು. "ಅತ್ತೆ, ಕಾಲ ಬದಲಾಗಿದೆ. ನೀವು ಜಗಳ ಆಡ್ತೀರಿ, ನಾವು ಸಹಕಾರ ಕೊಡ್ತೀವಿ. ಇಷ್ಟೇ ವ್ಯತ್ಯಾಸ," ಎಂದ. "ಸಹಕಾರ ಅಂತಾರಾ ಈಗ ಬಾಲ ಅಲ್ಲಾಡಿಸೋದಕ್ಕೆ?" ಎಂದಳು ದೊಡ್ಡಕ್ಕ. ಅವನು ನಕ್ಕುಬಿಟ್ಟ. ಅವನು ಕೋಪ ಮಾಡಿಕೊಂಡಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಹಾಜರಿ ಪಟ್ಟಿಯಲ್ಲಿ ಇನ್ನೂರ ಆರು ಜನ. ನೂರ ನಾಲ್ಕು ಸಹಿ ಬೇಕು. ಸರ್ಕಾರದ ನಮೂನೆಗಳು ಬಂದವು. ಮ್ಯಾನೇಜರ್ ನೋಟಿಸು ಹಾಕಿದರು: ಗೇಟಿನಲ್ಲಿ, ಕ್ಯಾಂಟೀನಿನಲ್ಲಿ ಸಂಘದ ಕೆಲಸ ಕೂಡದು, ಚಹಾ ವಿರಾಮದ ಹತ್ತು ನಿಮಿಷದಲ್ಲಿ ಅವರವರ ಕೋಣೆಯಲ್ಲೇ ಸಹಿ ಹಾಕಬೇಕು. ಸರಿಯಪ್ಪ, ಹಾಗೇ ಆಗಲಿ ಎಂದರು ಎಲ್ಲರೂ.

ವಿಂಗಡಣೆ ಕೋಣೆಯ ಹತ್ತು ನಿಮಿಷ ಎಂದರೆ ಏನು ಎನ್ನುವುದು ಅಲ್ಲಿರುವವರಿಗೇ ಗೊತ್ತು. ಗ್ಲೌಸು ಕಳಚಿ, ಔಷಧದ ನೀರಿನಲ್ಲಿ ಮೊಣಕೈವರೆಗೆ ಉಜ್ಜಿ, ಒರೆಸಿಕೊಂಡು, ಮತ್ತೆ ಹಾಕಿಕೊಳ್ಳುವುದಕ್ಕೇ ಒಂಬತ್ತು ನಿಮಿಷ ಹೋಗುತ್ತದೆ. ಅದಕ್ಕೇ ಹಸಿ ಕೈಗಳು ವಿರಾಮದಲ್ಲಿ ಗ್ಲೌಸು ಕಳಚುವುದೇ ಇಲ್ಲ. ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿರುತ್ತಾರೆ, ಒಣ ಕೈ ಚಹಾ ಕುಡಿಸುತ್ತದೆ. ಆವತ್ತೂ ಹಾಗೇ ನಿಂತಿದ್ದರು. ಪಿಟೀಲು ನಮೂನೆಗಳನ್ನು ಮೇಜುಮೇಜಿಗೆ ಹಂಚಿದಳು. ಒಣ ಕೈಗಳು ಚಹಾದ ಲೋಟ ಕೆಳಗಿಟ್ಟು, ಪೆನ್ನು ತೆಗೆದು, ತಮ್ಮದೊಂದು ಸಹಿ, ಜೋಡಿಯದೊಂದು ಸಹಿ ಹಾಕಿ ಮುಗಿಸಿದವು. ಹದಿನೆಂಟು ವರ್ಷದಿಂದ ದಿನಕ್ಕೆ ಎರಡು ಸಲ ಹಾಜರಿ ಪುಸ್ತಕದಲ್ಲಿ ಮಾಡಿದ್ದೇ ಅದು. ಯಾರಿಗೂ ಏನೂ ಅನ್ನಿಸಲಿಲ್ಲ. ದೊಡ್ಡಕ್ಕ ಪಿಟೀಲಿನ ಹೆಗಲ ಮೇಲಿಂದ ಇಣುಕಿ ತನ್ನ ಸಹಿ ನೋಡಿ, "ನನಗಿಂತ ನೀನೇ ಚೆನ್ನಾಗಿ ಬರೀತೀಯಲ್ಲೇ!" ಎಂದಳು. ಕೋಣೆಯೆಲ್ಲ ನಕ್ಕಿತು.

ಒಟ್ಟು ನೂರ ಇಪ್ಪತ್ತಮೂರು ನಮೂನೆ ಸೇರಿತು. ಆ ಸಂಜೆ ಅವಳು ಮನೆಗೆ ಹೋಗಿ ಗಂಡನ ಹತ್ತಿರ ಹೇಳಿಕೊಂಡಳು. ಗಂಡ ದರ್ಜಿ, ಮಂಡಿ ಕೈಕೊಟ್ಟ ಮೇಲೆ ಹೊಲಿಗೆ ಯಂತ್ರದ ಪೆಡಲು ತುಳಿಯಲಾಗದೆ, ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಾ ಕಿಟಕಿಯ ಪಕ್ಕ ಕೂತಿರುತ್ತಿದ್ದ. "ಹತ್ತೊಂಬತ್ತು ಜಾಸ್ತಿ ಇದೆ ಕಣ್ರೀ," ಎಂದಳು. "ಹಾಗಾದ್ರೆ ಇವತ್ತಾದ್ರೂ ಗೊರಕೆ ಹೊಡೀದೆ ಮಲ್ಕೋ," ಎಂದ ಅವನು.

ಎಣಿಕೆಯ ದಿನ ಅಧಿಕಾರಿ ಮ್ಯಾನೇಜರ ಕೋಣೆಯಲ್ಲೇ ಕೂತರು. ಮೃದು ಮಾತಿನ ಮನುಷ್ಯ. ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಅಮ್ಮಾ," ಎಂದರು. ಪಕ್ಕದಲ್ಲಿ ಮ್ಯಾನೇಜರ್, ಎದುರು ಸೋದರಳಿಯ. ನಮೂನೆಗಳನ್ನು ಎರಡು ಕಟ್ಟು ಮಾಡಿ ಇಟ್ಟಿದ್ದರು, ಒಂದು ದಪ್ಪ, ಒಂದು ತೆಳು. ತೆಳುವಾದ ಕಟ್ಟಿನ ಮೇಲಿದ್ದದ್ದು ಅವಳದೇ ನಮೂನೆ.

"ಇದು ನಿಮ್ಮ ಸಹಿನಾ?"

"ಹೌದು, ನಂದೇ."

"ನೀವೇ ಹಾಕಿದ್ದಾ?"

"ಇಲ್ಲ ಸ್ವಾಮಿ, ನನ್ನ ಜೋಡಿ ಹಾಕಿದ್ದು. ನಂದು ಹಸಿ ಕೈ ಅಲ್ವಾ."

ಹೇಳುವಾಗ ಅವಳಿಗೆ ಅಳುಕಿನ ನೆರಳೂ ಇರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು. ಮ್ಯಾನೇಜರ್ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಆಮೇಲೆ ಆ ತೆಳು ಕಟ್ಟಿನಲ್ಲಿದ್ದದ್ದೆಲ್ಲ ಬಿಚ್ಚಿಕೊಂಡಿತು. ಇಪ್ಪತ್ತೆರಡು ಮೇಜು, ನಲವತ್ತನಾಲ್ಕು ನಮೂನೆ, ಇಪ್ಪತ್ತೆರಡೇ ಕೈಬರಹ. ಒಂದೇ ಕೈ ಎರಡು ಹೆಸರಿಗೆ ಸಹಿ ಹಾಕಿದರೆ ಎರಡೂ ಅನುಮಾನವಂತೆ, ಎರಡೂ ರದ್ದಂತೆ. ನೂರ ಇಪ್ಪತ್ತಮೂರರಲ್ಲಿ ಉಳಿದದ್ದು ಎಪ್ಪತ್ತೊಂಬತ್ತು.

"ಸ್ವಾಮಿ, ಹಾಜರಿ ಪುಸ್ತಕ ತರ್ಸಿ ನೋಡಿ," ಎಂದಳು. "ಹದಿನೆಂಟು ವರ್ಷದಿಂದ ಹಿಂಗೇ ಸಹಿ ಹಾಕಿದೀವಿ. ಅದು ನಡೀತು, ಇದು ಯಾಕೆ ನಡಿಯಲ್ಲ? ಹಂಗಾದ್ರೆ ಇಷ್ಟು ವರ್ಷ ನಾನು ಕೆಲಸಕ್ಕೇ ಬಂದಿಲ್ವಾ?"

"ಅದು ಕಾರ್ಖಾನೆಯ ಒಳಗಿನ ವಿಷಯ ಅಮ್ಮಾ. ಇದು ಕಾನೂನು."

"ಎಲ್ಲರನ್ನೂ ಕರೀರಿ. ಕೈ ತೊಳ್ಕೊಂಡು ಬರ್ತಾರೆ, ನಿಮ್ಮೆದುರಿಗೇ ಹಾಕ್ತಾರೆ."

"ಕೊನೇ ದಿನಾಂಕ ಮುಗೀತಲ್ಲ." ಅಧಿಕಾರಿ ದನಿ ಇನ್ನೂ ಮೃದು ಮಾಡಿದರು. "ಒಂದು ದಾರಿ ಇದೆ ನೋಡಿ. ಮೋಸ ನಡೆದಿದೆ, ಸಂಘಕ್ಕೆ ಗೊತ್ತಿರಲಿಲ್ಲ ಅಂತ ಕಾರ್ಯದರ್ಶಿ ಬರ್ಕೊಟ್ರೆ, ಇನ್ನೊಂದು ಸಲ ಸಹಿ ತಗೊಳ್ಳೋಕೆ ಅವಕಾಶ ಇದೆ. ಯಾರು ಮಾಡಿದ್ದು ಅಂತ ಒಂದು ಹೆಸರು ಬೇಕು. ಒಂದೇ ಸಾಕು. ನಮೂನೆ ಹಂಚಿದೋರು ಯಾರೋ ಇದ್ದಾರಂತಲ್ಲ?"

"ಅವಳಿಗೇನಾಗತ್ತೆ?"

"ಕೆಲಸ ಹೋಗತ್ತೆ. ಮೋಸ ಅಲ್ವಾ." ಇದನ್ನು ಹೇಳಿದ್ದು ಮ್ಯಾನೇಜರ್, ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ.

ಒಂದು ಬಿಳಿ ಹಾಳೆ ಅವಳ ಮುಂದೆ ಬಂತು. ಪೆನ್ನೂ ಬಂತು. ದೊಡ್ಡಕ್ಕನ ತಲೆಯಲ್ಲಿ ಲೆಕ್ಕ ಓಡಿತು, ಓಡಲಿಲ್ಲ ಅಂದರೆ ಸುಳ್ಳಾದೀತು. ಒಬ್ಬಳು ಹೋದರೆ ನಲವತ್ತಮೂರು ಜನ ಉಳಿಯುತ್ತಾರೆ. ಪಿಟೀಲಿಗೆ ಬೇರೆ ಎಲ್ಲಾದರೂ ಕೆಲಸ ಸಿಗಬಹುದು. ಅವಳು ಪೆನ್ನು ಎತ್ತಿದ್ದೂ ನಿಜ. ಎತ್ತಿದ ತನ್ನ ಕೈಯನ್ನು ನೋಡಿದಳು, ಹೇಸಿಗೆ ಬಂತು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಚೀಲ ಬಿಚ್ಚಿದಾಗಲೂ ಅಂಥದ್ದು ಬಂದಿರಲಿಲ್ಲ.

"ಥೂ ನಿಮ್ಮ!" ಎಂದು ಎದ್ದು ನಿಂತಳು. "ಅವಳ ಹೆಸರು ನನ್ನ ಕೈಲಿ ಬರೆಸ್ತೀರಾ? ನಾವು ದಿನಾ ಏನೇನು ಮುಟ್ತೀವಿ ಗೊತ್ತಾ? ಅದೆಲ್ಲಾ ವಾಸಿ ಕಣ್ರಯ್ಯಾ, ನಿಮಗಿಂತ ವಾಸಿ."

"ಅತ್ತೆ, ಸ್ವಲ್ಪ ಸಮಾಧಾನ..." ಎಂದ ಸೋದರಳಿಯ.

"ನೀನು ಬಾಯಿ ಮುಚ್ಚು."

ಮುಂದಿನದ್ದಕ್ಕೆಲ್ಲ ಹೆಚ್ಚು ದಿನ ಹಿಡಿಯಲಿಲ್ಲ. ಯಾರಿಗೂ ಅರ್ಧ ದಾಟಲಿಲ್ಲ, ಸಮಿತಿಯಾಯಿತು, ಸಮಿತಿಗೆ ಮ್ಯಾನೇಜರ್ ಐದು ಜನರನ್ನು ಹೆಸರಿಸಿದರು, ಐವರ ಮುಂದಾಳು ಸೋದರಳಿಯ. ಆರು ತಿಂಗಳು ತುಂಬುವ ಹೊತ್ತಿಗೆ ಒಂದು ಭಾನುವಾರ ಅವನು ದೊಡ್ಡಕ್ಕನ ಮನೆಗೆ ಬಂದ. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಕಾಗದ. ಗಂಡ ಬಾಯಲ್ಲಿ ದಾರ ಕಚ್ಚಿಕೊಂಡೇ ತಲೆಯಾಡಿಸಿದ.

"ಹೊಸ ಒಪ್ಪಂದ ಆಯ್ತು ಅತ್ತೆ. ನಾಳೆಯಿಂದ ಮೇಜಿಗೊಬ್ಬರು. ಮೂವತ್ನಾಲ್ಕು ಸಾಲಿದೆ ಇದರಲ್ಲಿ, ನಿಮ್ಮದು ಎರಡೇ ಸಾಲಿತ್ತು," ಎಂದ ಹೆಮ್ಮೆಯಿಂದ. "ಸೂಜಿ ಹುಡುಕೋ ಯಂತ್ರ ಕೊಡ್ತಾರೆ ಎಲ್ಲರಿಗೂ. ಹನ್ನೆರಡು ಜನಕ್ಕೆ ಬೇರೆ ವಿಭಾಗ. ಹತ್ತು ಜನ ಮಾತ್ರ ಮನೆಗೆ ಹೋಗಬೇಕಾಗತ್ತೆ. ನಾನು ಇಪ್ಪತ್ತೆರಡರಿಂದ ಹತ್ತಕ್ಕೆ ಇಳಿಸ್ದೆ, ಗೊತ್ತಾ?"

"ನಮ್ಮ ಸಹಿ ವಿಷಯ ಅವರಿಗೆ ಯಾರು ಹೇಳಿದ್ದು?" ದೊಡ್ಡಕ್ಕ ಕೇಳಿದಳು. ಆರು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡ ಪ್ರಶ್ನೆ.

ಅವನು ಹಣ್ಣಿನ ಚೀಲವನ್ನು ಗೋಡೆಗೆ ಒರಗಿಸಿ ಇಟ್ಟ. "ಕೇಳಿದ್ರು, ಹೇಳ್ದೆ. ಸುಳ್ಳೇನು ಹೇಳ್ಲಿಲ್ವಲ್ಲ."

"ನೀನೂ ಅಲ್ಲಿ ಒಣ ಕೈ ಆಗಿದ್ದೋನು. ಎರಡು ವರ್ಷ ನನಗೆ ಚಹಾ ಕುಡಿಸಿದೀಯ."

"ಅದಕ್ಕೇ ಅತ್ತೆ ನಿಮ್ಮ ವಿಷಯ ಬೇರೇನೇ ಮಾತಾಡ್ದೆ." ಅವನು ಮುಂದಕ್ಕೆ ಬಾಗಿದ, ಮುಖ ಅರಳಿತ್ತು. "ನಿಮ್ಮನ್ನ ಮಡಿಸೋ ವಿಭಾಗಕ್ಕೆ ಹಾಕ್ಸಿದೀನಿ. ಒಗೆದ ಬಟ್ಟೆ, ಗಾಳಿ ಬೆಳಕು, ಸೂಜಿ ಗೀಜಿ ಏನಿಲ್ಲ. ಎಲ್ಲದಕ್ಕಿಂತ ಮೊದ್ಲು ಅದನ್ನೇ ಕೇಳ್ದೆ ನಾನು. ನಮ್ಮತ್ತೆಗೆ ಏನೂ ಆಗಬಾರ್ದು ಅಂತ."

ಪ್ರೀತಿಯಿಂದಲೇ ಹೇಳಿದ, ಅದೇ ಇದರ ಅಸಹ್ಯ. ಬೈದರೆ ಬೈಗುಳಕ್ಕೆ ಹಿಡಿಯುವ ಜಾಗವೇ ಇಲ್ಲ. ಸೂಜಿ ಚುಚ್ಚುತ್ತದೆ ಎಂದು ಇವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅತ್ತೆಯೊಬ್ಬಳನ್ನು ಎತ್ತಿ ಈಚೆಗಿಟ್ಟು, ಉಳಿದವರನ್ನು ಮೂವತ್ತನಾಲ್ಕು ಸಾಲಿನಲ್ಲಿ ಮಾರಿ ಬಂದಿದ್ದಾನೆ. ಅವಳು ಹಣ್ಣಿನ ಚೀಲವನ್ನು ಎತ್ತಿ ಬಾಗಿಲ ಹೊರಗಿಟ್ಟಳು. ಅವನೂ ಹೊರಟ. ಮೆಟ್ಟಿಲಿಳಿಯುವಾಗ ಹಣ್ಣು ತೆಗೆದುಕೊಂಡೇ ಹೋದ.

ಸೋಮವಾರ ದೊಡ್ಡಕ್ಕ ಮಡಿಸುವ ವಿಭಾಗಕ್ಕೆ ಹೋಗಲಿಲ್ಲ. ಯಾವತ್ತಿನಂತೆ ಗ್ಲೌಸು ಏರಿಸಿ ತನ್ನ ಮೇಜಿಗೆ ಬಂದು ನಿಂತಳು. ಕೋಣೆ ಅರ್ಧ ಖಾಲಿ. ಪ್ರತಿಯೊಬ್ಬರ ಕೈಗೂ ಒಂದು ಕಪ್ಪು ಕೋಲು ಕೊಟ್ಟಿದ್ದರು, ಲೋಹ ಸಿಕ್ಕರೆ ಕೂಗುವಂಥದ್ದು. ಮೇಜೇ ಸ್ಟೀಲಿನದಾದ್ದರಿಂದ ಅದು ಬಟ್ಟೆ ಇದ್ದರೂ ಕೂಗಿತು, ಇಲ್ಲದಿದ್ದರೂ ಕೂಗಿತು. ಏಳೂವರೆಗೆಲ್ಲ ಇಪ್ಪತ್ತೆರಡು ಜನರೂ ಅದನ್ನು ಆರಿಸಿ ಮೇಜಿನ ಕೆಳಗೆ ಹಾಕಿದ್ದರು.

ಪಿಟೀಲು ಮೇಜಿನ ಆಚೆ ಬದಿಯಲ್ಲಿ ನಿಂತಿದ್ದಳು. ಈಗ ಅವಳ ಕೈಗೂ ಗ್ಲೌಸು.

"ಗ್ಲೌಸು ತೆಗಿಯೇ. ದೀಪ ಹಿಡಿ," ಎಂದಳು ದೊಡ್ಡಕ್ಕ.

ಪಿಟೀಲು ಮಾತಾಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಮಾತಾಡದೆ ನಿಂತದ್ದು. ಅಷ್ಟರಲ್ಲಿ ಮೇಲ್ವಿಚಾರಕ ಬಂದ, ಕೈಯಲ್ಲಿ ಮೆಮೋ ಪುಸ್ತಕ. "ಒಂದು ಮೇಜಿಗೆ ಇಬ್ಬರು ನಿಂತ್ರೆ ಒಪ್ಪಂದ ಮುರಿದ ಹಾಗೆ," ಎಂದ.

"ಬರ್ಕೋ. ನನ್ನ ಹೆಸರಿಗೆ ಬರ್ಕೋ. ನಾನೆಲ್ಲೂ ಹೋಗಲ್ಲ."

"ನಿಮ್ಮ ಹೆಸರಿಗೆ ಬರಿಯೋಕೆ ಬರಲ್ಲ ದೊಡ್ಡಕ್ಕ. ನೀವು ಈಗ ಈ ಕೋಣೆಯೋರೇ ಅಲ್ಲ. ಮೇಜು ಯಾರದೋ ಅವರ ಹೆಸರಿಗೇ ಬರೋದು. ಮೂರು ಸಲ ಬಂದ್ರೆ ಕೆಲಸ ಇಲ್ಲ. ಹದಿನೇಳನೇ ಸಾಲು ನೋಡಿ."

ಅವನು ಪಿಟೀಲಿನ ಹೆಸರು ಬರೆಯತೊಡಗಿದ. ದೊಡ್ಡಕ್ಕ ಸುತ್ತ ನೋಡಿದಳು. ಇಪ್ಪತ್ತೊಂದು ಹೆಂಗಸರು ಒಬ್ಬೊಬ್ಬರೇ ತಲೆ ತಗ್ಗಿಸಿ ಚೀಲ ಬಿಚ್ಚುತ್ತಿದ್ದರು. ಒಂದು ಕಾಲದಲ್ಲಿ ಒಂಬತ್ತು ದಿನ ಕೈ ಕಟ್ಟಿ ಕೂತವರಲ್ಲಿ ನಾಲ್ವರು ಅಲ್ಲೇ ಇದ್ದರು. ಅವರೂ ತಲೆ ಎತ್ತಲಿಲ್ಲ.

"ದೊಡ್ಡಕ್ಕ," ಪಿಟೀಲು ಕೊನೆಗೆ ಬಾಯಿ ಬಿಟ್ಟಳು. "ಹೋಗಿ ದೊಡ್ಡಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ. ನೀವಿಲ್ಲಿ ನಿಂತಷ್ಟೂ ಅವನು ಬರೀತಾನೆ. ನನ್ನ ಮಕ್ಕಳನ್ನ ಯಾರು ನೋಡ್ತಾರೆ?"

ದೊಡ್ಡಕ್ಕ ಮೇಜು ಬಿಟ್ಟಳು. ತೊಟ್ಟಿಗೆ ಹೋಗಿ ಗ್ಲೌಸು ಕಳಚಿ, ಔಷಧದ ನೀರಿನಲ್ಲಿ ಮೊಣಕೈವರೆಗೆ ಉಜ್ಜಿದಳು. ಒಂಬತ್ತು ನಿಮಿಷವೂ ಉಜ್ಜಿದಳು. ಆಮೇಲೆ ಓಣಿ ದಾಟಿ ಮಡಿಸುವ ವಿಭಾಗಕ್ಕೆ ಹೋಗಿ, ಬಿಸಿಬಿಸಿಯಾಗಿ ಬಂದು ಬೀಳುತ್ತಿದ್ದ ಬಿಳಿ ಚಾದರಗಳ ಮುಂದೆ ನಿಂತಳು. ಅಲ್ಲಿ ದೊಡ್ಡ ದೊಡ್ಡ ಕಿಟಕಿಗಳಿದ್ದವು. ನಾತ ಇರಲಿಲ್ಲ. ಮಂಜುಗಣ್ಣಿಗೂ ಮಡಿಕೆ ಸರಿಯಾಗಿ ಕಾಣುತ್ತಿತ್ತು.

ಹನ್ನೊಂದರ ಹೊತ್ತಿಗೆ ಸೋದರಳಿಯ ಒಣಗಿಸುವ ವಿಭಾಗದಿಂದ ಈ ಕಡೆ ಬಂದ. ಅವಳನ್ನು ಕಂಡು ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

"ಬಂದ್ರಲ್ಲ ಅತ್ತೆ! ಹೇಗಿದೆ? ಇಲ್ಲಿ ಆರಾಮ ಅಲ್ವಾ?"

ಅವಳು ಚಾದರದ ಎರಡು ಮೂಲೆ ಜೋಡಿಸಿ, ಅಂಗೈಯಿಂದ ಒತ್ತಿ, ಅವನ ಮುಖ ನೋಡಿದಳು.

"ಆರಾಮ ಕಣಪ್ಪ," ಎಂದಳು. "ಅಲ್ಲಿ ಅವಳು ಒಬ್ಬಳೇ ಚೀಲ ಬಿಚ್ತಾ ಇದಾಳೆ. ನಾನಿಲ್ಲಿ ಆರಾಮಾಗಿದೀನಿ."